ಉದ್ರಿ ವಹಿಯ ಹಿಂದಿನ ಪುಟಗಳು

ಮುಂದಿನಿಂದ ತೆರೆದರೆ ಬೆಲ್ಲ, ಚಹಾಪುಡಿ, ಸೀಮೆಎಣ್ಣೆ,
ಯಾರು ಎಷ್ಟು ಕೊಡಬೇಕು.
ಹಿಂದಿನಿಂದ ತೆರೆದರೆ ಓಟು.
ಎರಡನ್ನೂ ಅಪ್ಪ ಒಂದೇ ಪೆನ್ಸಿಲಿನಲ್ಲಿ ಬರೆದಿದ್ದಾನೆ,
ಎರಡರ ನೆತ್ತಿಗೂ ಒಂದೇ ಶ್ರೀ.

ಕಲಬುತ್ತಿ, ತಾಲೂಕು ಹುನಗುಂದ,
ಕನ್ನಡ ಶಾಲೆಯ ಎಡಗಡೆ ಖೋಲಿ.
ಮೊದಲ ಸಾಲು ಜೋಡೆತ್ತು.
ಪಕ್ಕದಲ್ಲಿ ಅಂಕಿ ಇಲ್ಲ, ‘ಎಲ್ಲಾ’ ಅಂತ ಮಾತ್ರ.
ಎತ್ತಿಗಲ್ಲದೆ ಮತ್ಯಾರಿಗೆ ಹಾಕಬೇಕು
ಎತ್ತು ಕಟ್ಟಿದವರು?

ಆಮೇಲೆ ಆಕಳು ಕರು. ‘ಅಂದಾಜು ನಾಕುನೂರು.’
ಚೀಟಿಗಳನ್ನೆಲ್ಲ ಒಂದೇ ಡ್ರಮ್ಮಿಗೆ ಸುರಿದು ಕಲಸುವ ಕಾಲ,
ಊರಿನ ಮನಸ್ಸು ತಾಲೂಕಿನ ಮನಸ್ಸಿನಲ್ಲಿ
ಹಿಟ್ಟಿನೊಳಗಿನ ಉಪ್ಪು.
ಅಪ್ಪ ಮುಖ ನೋಡಿ ಬರೆಯುತ್ತಿದ್ದ.
ಓಟು ಹಾಕಿ ಬಂದವರು ಕಟ್ಟೆಗೆ ಕೂತು
ಬೀಡಿ ಕೇಳುವ ದನಿಯಲ್ಲೇ ಲೆಕ್ಕ ಸಿಗುತ್ತಿತ್ತಂತೆ.

ಎಂಬತ್ತಮೂರರ ಕೆಳಗೆ ಎರಡು ಗೆರೆ.
ನೇಗಿಲು ಹೊತ್ತ ರೈತ.
ಕಾಲುವೆಗಿಂತ ಮೊದಲು ಕರದ ನೋಟೀಸು ಬಂದಿತ್ತು,
ಅದಕ್ಕೇ ಊರು ತಿರುಗಿತು ಅಂತ ಪೇಪರಿನವರು.
ಅಪ್ಪನ ಟಿಪ್ಪಣಿ ಬೇರೆ:
‘ದ್ಯಾಮಣ್ಣ ವಾಲೀಕಾರನ ಮಗಳ ಲಗ್ನಕ್ಕ
ಅವರು ಬರಲಿಲ್ಲ. ಇವರು ಬಂದು ಉಂಡು ಹೋದರು.’

ಎಂಬತ್ತೊಂಬತ್ತು, ಕೈ. ‘ಬಸ್ಸು ನಿಂತಿತ್ತು.’
ತೊಂಬತ್ತನಾಕು, ಚಕ್ರ. ‘ಬಸ್ಸು ನಿಂತೇ ಇತ್ತು.’
ತೊಂಬತ್ತೊಂಬತ್ತು, ಮತ್ತೆ ಕೈ.
ಕಾರಣದ ಜಾಗದಲ್ಲಿ ಎಣ್ಣೆ ಕಲೆ.

ಮಷೀನು ಬಂತು, ಅಂದಾಜು ಸತ್ತಿತು.
ಕಮಲ ಮುನ್ನೂರ ಹತ್ತೊಂಬತ್ತು, ಕೈ ಇನ್ನೂರ ಎಂಬತ್ತಾರು.
ಮ್ಯಾಲಿನ ಓಣಿ, ಕೆಳಗಿನ ಓಣಿ, ಪಿಂಜಾರ ಓಣಿ,
ನೇಕಾರರ ಎಂಟು ಮನೆ,
ಕೂಡಿಸಿ ಕಳೆದರೆ ಯಾರು ಎತ್ತ ಅನ್ನುವುದು
ಅಂಗಡಿಯ ತಕ್ಕಡಿಯಂತೆ ಎಲ್ಲರಿಗೂ ಕಾಣುತ್ತಿತ್ತು.
ಆ ವಾರ ಹುಸೇನಸಾಬ ಅಂಗಡಿ ಕಡೆ ಬರಲಿಲ್ಲ.
ಕತ್ತಲಾದ ಮೇಲೆ ಅಪ್ಪ ತಾನೇ ಅವನ ಮನೆಗೆ
ಎರಡು ಕಿಲೋ ಸಕ್ಕರೆ ಒಯ್ದ.
ಅದು ಮುಂದಿನ ಪುಟದಲ್ಲೂ ಇಲ್ಲ, ಹಿಂದಿನದರಲ್ಲೂ ಇಲ್ಲ.
ಪೊಟ್ಟಣ ಕಟ್ಟಿದವಳು ನಾನು, ಅದಕ್ಕೇ ಗೊತ್ತು.

ಅದೇ ವರ್ಷ, ಎಲ್ಲಕ್ಕಿಂತ ಕೆಳಗೆ, ಸಣ್ಣಗೆ:
‘ಹೊಲಿಗೆ ಯಂತ್ರ, ಒಂದು.’
ಪಕ್ಷೇತರ. ಯಾವೂರವನೋ,
ನಮ್ಮೂರಿಗೆ ಕಾಲಿಟ್ಟವನೇ ಅಲ್ಲ.
ಮುನ್ನೂರಕ್ಕೆ ತಲೆ ಕೆಡಿಸಿಕೊಳ್ಳದ ಕಟ್ಟೆಯ ಮಂದಿ
ಆ ಒಂದಕ್ಕೆ ನಾಕು ದಿನ ನಿದ್ದೆಗೆಟ್ಟರು.
ಬೆರಳು ಜಾರಿರಬೇಕು. ಕಣ್ಣು ಕಾಣದವರು ಒತ್ತಿರಬೇಕು.
ಚಹಾ ತಂದಿಟ್ಟ ನಮ್ಮವ್ವ ನಿಂಬೆವ್ವ
ತಿರುಗಿ ಹೋಗುತ್ತಾ ಅಂದಳು:
‘ಯಾಕ, ಅವರಿಗೆ ಅದು ಬೇಕಾಗಿತ್ತೇನೋ.’

ಮುಂದಿನ ಸಲ, ‘ಕುಕ್ಕರ್, ಒಂದು.’
ಅದರ ಮುಂದಿನ ಸಲ, ‘ಫ್ಯಾನು, ಒಂದು.’
ಫಲಿತಾಂಶ ಬಂದ ಎಂಟನೇ ದಿನ ಅಪ್ಪ
ಇಳಕಲ್ಲಿಗೆ ಹೋಗಿ ಒಂದು ಫ್ಯಾನು ತಂದ.
ಯಾಕೆ ಅಂತ ಅವ್ವ ಕೇಳಲಿಲ್ಲ.
ಸ್ಟೂಲು ಹಿಡಿದುಕೊಂಡು ನಿಂತಳು.

ಈಗ ಪಟ್ಟಿ ತಿದ್ದುವ ಕೆಲಸ ನನ್ನದು.
ಅಂಗನವಾಡಿ ಮಕ್ಕಳನ್ನು ಮನೆಗೆ ಕಳಿಸಿ
ಬಾಗಿಲು ಬಾಗಿಲಿಗೆ ಹೋಗುತ್ತೇನೆ.
ಕಳೆದ ಸಲ ಊರು ಮತ್ತೆ ಆ ಕಡೆ ವಾಲಿತು,
ನಲವತ್ತೊಂದು ಓಟಿನಿಂದ. ಅಲೆ ಅಂದ ಟೀವಿಯವ.
ನನ್ನ ಪಟ್ಟಿಯಲ್ಲಿ ಅಲೆ ಅಂದರೆ
ಹದಿನೇಳು ಸಾವು, ಹದಿನಾಕು ಹೊಸ ಸೊಸೆಯರು,
ಗೋವೆಯಿಂದ ಗಾಡಿ ಮಾಡಿಕೊಂಡು ಬಂದ ಒಂದು ಮನೆತನ,
ಮತ್ತೆ ಹದಿನೆಂಟು ತುಂಬಿದ, ನಾನೇ ಅಕ್ಷರ ತಿದ್ದಿಸಿದ ಹುಡುಗರು.
ಮನಸ್ಸು ಬದಲಿಸಿದವರು ಐದಾರು ಮಂದಿ ಇದ್ದಾರು.
ಉಳಿದದ್ದು ಬದಲಾದ ಮನುಷ್ಯರು.

ಕ್ರಮಸಂಖ್ಯೆ ಇನ್ನೂರ ಏಳು, ಚನಮಲ್ಲಪ್ಪ.
ಕಾರಣ: ಮೃತ. ಸಹಿ ನನ್ನದೇ.

ಆ ಸಲ ಅವ್ವ ಓಟು ಹಾಕಿ ಬಂದು
ಫ್ಯಾನಿನ ಕೆಳಗೆ ಕೂತು
ಬೆರಳಿನ ಶಾಯಿ ಸೆರಗಿನಿಂದ ತಿಕ್ಕುತ್ತಿದ್ದಳು.
ಏನೇನು ಗುರುತಿದ್ದವಬೇ, ಕೇಳಿದೆ.
‘ಭಾಳ ಇದ್ದವು,’ ಅಂದಳು,
‘ಬೇಕಾದದ್ದು ಇರಲಿಲ್ಲ.’